ತೇಜುವಿನ ಸೀಟು

ಗಿಂಡಿ, ಚೆನ್ನೈ
12 ಜೂನ್ 2006

ಅಪ್ಪನಿಗೆ,

ನಮಸ್ಕಾರ ಎಂದು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನೀವು ಎರಡನೆಯ ಸಾಲಿಗೆ ಹೋಗುವುದಿಲ್ಲ. ಆದ್ದರಿಂದ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನು ನಿಮ್ಮ ಹೋಟೆಲಿನ ಕ್ಯಾಶ್ ಟೇಬಲ್ಲಿನ ಮೇಲಿದೆ. ನಾನು ಈ ಕಡೆ ಕೂಗಿದ್ದು ಆ ಕಡೆ ಕಾಫಿ ಕುಡಿಯುವವರಿಗೆಲ್ಲ ಕೇಳುತ್ತದೆ. ನೀವು "ಆಯ್ತಾಯ್ತು, ಮತ್ತೆ ಮಾತಾಡುವ" ಎಂದು ರಿಸೀವರ್ ಇಡುತ್ತೀರಿ. ಆ ಮತ್ತೆ ಎನ್ನುವುದು ಬರುವುದೇ ಇಲ್ಲ. ಕಾಗದಕ್ಕಾದರೆ ಇಡಲು ರಿಸೀವರ್ ಇಲ್ಲ.

ನಿನ್ನೆ ಸಂಜೆ ತೇಜುವನ್ನು ತಂದು ಬಿಟ್ಟಿರಿ. ಕೆಳತುಟಿ ಸೀಳಿತ್ತು, ಮುಂದಿನ ಒಂದು ಹಲ್ಲು ಅಲುಗಾಡುತ್ತಿತ್ತು. "ಹೋಟೆಲಿನಲ್ಲಿ ಓಡ್ಲಿಕ್ಕೆ ಹೋಗಿ ಬಿದ್ದಳು ಮಾರಾಯ್ತಿ, ಕೈ ತೊಳೆಯುವಲ್ಲಿ ನೆಲ ಒದ್ದೆ ಇತ್ತು" ಎಂದಿರಿ. ಅಮ್ಮ ನಿಮ್ಮ ಹಿಂದೆ ನಿಂತು ಸೆರಗಿನ ಅಂಚನ್ನು ನೋಡುತ್ತಿದ್ದಳು. ನಾನು ನಂಬಿದೆ. ವರುಣ್ ಮಗಳನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಊದಿದ ಬಾಯಲ್ಲಿ ತೇಜು ತಾನಾಗಿಯೇ ಹೇಳಿದಳು: "ಅಜ್ಜ ಬ್ರೇಕ್ ಪೋಟ್ಟಾರು. ನಾನ್ ಪರಂದೇನ್." ಅಜ್ಜ ಬ್ರೇಕ್ ಹಾಕಿದರು, ನಾನು ಹಾರಿದೆ. ಹೇಳುವಾಗ ಅವಳಿಗೆ ಹೆಮ್ಮೆಯಿತ್ತು.

ಹಾಗಾದರೆ ನಾನು ಮೇ ತಿಂಗಳಲ್ಲಿ ನಿಮ್ಮ ಕಾರಿನಲ್ಲಿ, ನಿಮ್ಮ ಕಣ್ಣೆದುರೇ, ಬೆವರು ಸುರಿಸಿ ಕಟ್ಟಿಕೊಟ್ಟ ಮಗುವಿನ ಸೀಟು ಏನಾಯಿತು? ವರುಣನ ಗೆಳೆಯ ಸಿಂಗಪುರದಿಂದ ತಂದುಕೊಟ್ಟ ಸೀಟು?

ಇಂದು ಬೆಳಗ್ಗೆ ಆಫೀಸಿಗೆ ಹೋಗದೆ ಮಾಂಬಲಕ್ಕೆ ಬಂದೆ. ನೀವು ಹೋಟೆಲಿನಲ್ಲಿದ್ದಿರಿ. ಕಾರು ಗಲ್ಲಿಯಲ್ಲಿತ್ತು. ಅಮ್ಮ ಕೀಲಿ ಕೊಟ್ಟಳು, ಏನೂ ಕೇಳಲಿಲ್ಲ.

ಶೋರೂಮಿನವರು ಹಾಕಿಕೊಟ್ಟ ಪ್ಲಾಸ್ಟಿಕ್ ನಿಮ್ಮ ಹಿಂದಿನ ಸೀಟಿನ ಮೇಲೆ ಇನ್ನೂ ಇದೆ; ಮೇ ತಿಂಗಳಲ್ಲಿ ನಾನು ಸರಿಸಿದ್ದನ್ನು ಮತ್ತೆ ಎಳೆದಿದ್ದೀರಿ. ಕಾರು ಕೊಂಡು ಎರಡನೆಯ ವರ್ಷ. ಆ ಪ್ಲಾಸ್ಟಿಕ್ಕಿನ ಮೇಲೆ ಮಗುವಿನ ಸೀಟು ಒದ್ದೆ ಸೋಪಿನ ಹಾಗೆ ಜಾರುತ್ತದೆ. ಕಾರಿನ ಬೆಲ್ಟು ಅದರ ಬೆನ್ನಿನೊಳಗಿಂದ ಹಾದುಹೋಗಿದೆ, ನಿಜ; ಒಣಹಾಕಿದ ಪಂಚೆಯ ಹಾಗೆ ಜೋತುಬಿದ್ದಿದೆ. ಅದು ಸಾಲದೆಂದು ಹಗ್ಗ. ಎರಡು ಸುತ್ತು ಹುರಿಹಗ್ಗ, ನಿಮ್ಮ ಗಂಟು. ಎಲ್ಲಿ ಕಂಡರೂ ನನಗೆ ಗುರುತು ಸಿಗುತ್ತದೆ. ಮಗು ಕೂರುವಲ್ಲಿ ಮಡಿಸಿದ ಜಮಖಾನ, ಬೆನ್ನಿಗೆ ದಿಂಬು. ಭುಜದ ಮೇಲಿಂದ ಬರುವ ಪಟ್ಟಿಗಳನ್ನು ಎಷ್ಟು ಉದ್ದ ಬಿಟ್ಟಿದ್ದೀರೆಂದರೆ ನನ್ನ ಎರಡೂ ಮುಷ್ಟಿ ಅದರೊಳಗೆ ಹೋದವು.

ಮದುವೆ ಮನೆಗೆ ಸಾಂಬಾರಿನ ಹಂಡೆ ಕಳಿಸುವಾಗ ವ್ಯಾನಿನಲ್ಲಿ ನೀವು ಕಟ್ಟುವುದು ಹೀಗೆಯೇ. ಕೆಳಗೆ ಗೋಣಿ, ಸುತ್ತ ಗೋಣಿ, ಮೇಲೆ ಸಡಿಲ ಹಗ್ಗ. ನೀವು ನನ್ನ ಮಗಳನ್ನು ಹಂಡೆ ಕಟ್ಟಿದ ಹಾಗೆ ಕಟ್ಟಿದ್ದೀರಿ, ಅಪ್ಪ.

ಸಿಟ್ಟು ಬರೀ ತುಟಿಯದ್ದಲ್ಲ. ಇಲ್ಲದ ನೀರನ್ನು ನೆಲಕ್ಕೆ ಚೆಲ್ಲಿದಿರಿ, ಅಮ್ಮನನ್ನು ಅದರ ಮೇಲೆ ನಿಲ್ಲಿಸಿದಿರಿ. ಒಂಬತ್ತು ವರ್ಷ ಕಾದು ಹುಟ್ಟಿದ ಮಗುವಿನ ಬಾಯಿಂದ ರಕ್ತ ಬರುವಾಗ, ನೀವು ನನಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಿರಿ.

ನಾನು ಕಟ್ಟಿದ ಹಾಗೆ ಸೀಟು ಕಟ್ಟುವವರೆಗೆ ತೇಜು ನಿಮ್ಮ ಕಾರು ಹತ್ತುವುದಿಲ್ಲ. ನಿಮ್ಮ ಹೋಟೆಲಿನ ಭಾನುವಾರಗಳು ನಿಂತವು. ನೋಡಬೇಕೆನಿಸಿದರೆ ನೀವು ನಮ್ಮ ಮನೆಗೆ ಬರಬಹುದು.

ನಮಿತಾ


ವೆಸ್ಟ್ ಮಾಂಬಲಂ
17 ಜೂನ್ 2006

ನಮಿತಾ,

ಆಶೀರ್ವಾದ ಇದೆ ಎಂದು ಇಟ್ಟುಕೊ.

ಕೋಡಂಬಾಕ್ಕಂ ಬ್ರಿಡ್ಜು ಇಳಿಯುವಲ್ಲಿ ಒಬ್ಬ ಆಟೋದವನು ಕೈಯನ್ನೂ ತೋರಿಸದೆ ಅಡ್ಡ ಬಂದ. ನಾನು ಬ್ರೇಕ್ ಹಾಕದಿದ್ದರೆ ಇಂದು ನೀನು ಬರೆಯುವ ಕಾಗದವೇ ಬೇರೆ. ಅದನ್ನು ಯಾರೂ ಬರೆಯುವುದಿಲ್ಲ. ಬ್ರೇಕ್ ಹಾಕಿದವನದ್ದೇ ತಪ್ಪು.

ಸುಳ್ಳು ಹೇಳಿದ್ದು ಹೌದು. ನಿನ್ನ ಅಮ್ಮ ದಾರಿಯಲ್ಲೇ ಹೇಳಿದಳು, "ಅವಳಿಗೆ ಹೇಳಿದ್ರೆ ನಮ್ಮನ್ನು ಹುರಿದು ತಿಂತಾಳೆ" ಎಂದು. ಹೇಳದಿದ್ದರೂ ತಿಂದೆ.

ನಲವತ್ತು ವರ್ಷದಿಂದ ಈ ಊರಿನಲ್ಲಿ ಹಂಡೆ ಕಟ್ಟಿ ಕಳಿಸಿದವನು ನಾನು. ತಾಂಬರಂ, ಅಂಬತ್ತೂರು, ತಿರುವಳ್ಳೂರು. ಒಂದು ತೊಟ್ಟು ಚೆಲ್ಲಿದ್ದಿಲ್ಲ. ಹಂಡೆಯನ್ನು ಬಿಗಿದರೆ ತುಳುಕುತ್ತದೆ. ಅದಕ್ಕೆ ಸ್ವಲ್ಪ ಆಡಲು ಜಾಗ ಬಿಡಬೇಕು, ಮೈಗೆ ಮೆತ್ತಗೆ ಏನಾದರೂ ಕೊಡಬೇಕು. ಸಾಂಬಾರಿಗೆ ಮಾಡುವ ಮರ್ಯಾದೆಯನ್ನು ಮೊಮ್ಮಗಳಿಗೆ ಮಾಡಬಾರದೇ? ಆ ಸೀಟೋ ಕಲ್ಲು. ಬೆನ್ನಿಗೆ ಒತ್ತುತ್ತದೆ ಎಂದು ದಿಂಬು ಇಟ್ಟೆ. ಅದೂ ಅಪರಾಧ.

ನೀನು ಏಳು ವರ್ಷದವರೆಗೆ ನನ್ನ ಸ್ಕೂಟರಿನ ಮುಂದೆ ಹ್ಯಾಂಡಲ್ ಹಿಡಿದು ನಿಂತು ಬಂದವಳು. ಹಿಂದೆ ನಿನ್ನ ಅಮ್ಮ, ಅವಳ ಮಡಿಲಲ್ಲಿ ಹಾಲಿನ ಕ್ಯಾನು. ಸತ್ತೆಯಾ?

ನೀನು ಕಟ್ಟಿಕೊಟ್ಟ ಹಾಗೆಯೇ ಒಂದು ಭಾನುವಾರ ಕರೆದುಕೊಂಡು ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವಳು ಬಗ್ಗಿ ನೋಡಿ ಕೇಳಿದಳು, "ಕೊಳಂದೆಕ್ಕು ಒಡಂಬು ಸರಿಯಿಲ್ಲಿಯಾ ಸಾರ್?" ಮಗುವಿಗೆ ಮೈ ಸರಿಯಿಲ್ಲವಾ ಎಂದು. ಎಲ್ಲ ಮಕ್ಕಳೂ ಕಿಟಕಿಯಲ್ಲಿ ತಲೆ ಹಾಕಿಕೊಂಡು ಹೋಗುವಾಗ ನನ್ನ ಮೊಮ್ಮಗಳು ಆಸ್ಪತ್ರೆಗೆ ಹೊರಟ ಹಾಗೆ ಕಟ್ಟಿಸಿಕೊಂಡು ಕೂತಿದ್ದಳು. ಅಳುತ್ತಿದ್ದಳು. "ಅಜ್ಜ ಬಿಡು, ಅಜ್ಜ ಬಿಡು." ಸಡಿಲ ಬಿಟ್ಟೆ. ಅಳುವ ಮಗುವನ್ನು ಬಿಗಿಯುವವನು ಪೊಲೀಸಿನವನು, ಅಜ್ಜನಲ್ಲ.

ಆ "ಬಿಡು" ಕನ್ನಡದಲ್ಲಿ ಇತ್ತು, ಗೊತ್ತುಂಟಾ? ನಿನ್ನ ಮನೆಯಲ್ಲಿ ಆರು ದಿನ ಅವಳು ಆಯಾ ಹತ್ತಿರ, ಟಿವಿ ಹತ್ತಿರ ತಮಿಳು ಮಾತಾಡುತ್ತಾಳೆ. ನೀನು ಕನ್ನಡದಲ್ಲಿ ಕೇಳುತ್ತಿ, ಅವಳು ತಮಿಳಿನಲ್ಲಿ ಹೇಳುತ್ತಾಳೆ, ನೀನು ಸುಮ್ಮನಾಗುತ್ತಿ. ಭಾನುವಾರ ಕ್ಯಾಶ್ ಟೇಬಲ್ಲಿನ ಮೇಲೆ ಕೂತು ಬಂದವರಿಗೆಲ್ಲ "ಎಂತ ಬೇಕು?" ಎಂದು ಕೇಳುತ್ತಾಳೆ. ಆ ಒಂದು ದಿನವನ್ನು ನೀನು ನಿಲ್ಲಿಸಿದೆ.

ನಿಲ್ಲಿಸು. ನನ್ನ ಮೊಮ್ಮಗಳನ್ನು ನಿನ್ನ ಸೋಫಾದ ಮೇಲೆ ಕೂತು, ಬಿಸ್ಕತ್ತು ತಿಂದು, ನೋಡಿಕೊಂಡು ಬರಲು ನಾನು ನೆಂಟನಲ್ಲ.

ಪ್ಲಾಸ್ಟಿಕ್ ತೆಗೆಯುವುದಿಲ್ಲ. ಕಾರು ಇನ್ನೂ ಹೊಸತು.

ವಿಷ್ಣುಮೂರ್ತಿ


ಗಿಂಡಿ
25 ಜೂನ್ 2006

ಅಪ್ಪನಿಗೆ,

ಈ ನಮಸ್ಕಾರವನ್ನು ಹೋದ ಸಲದ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಸಾಯಲಿಲ್ಲ, ಹೌದು. ಮಕ್ಕಳು ಸಾಯದೆ ಉಳಿದದ್ದನ್ನು ಅಪ್ಪಂದಿರು ತಾವು ಪಡೆದ ಪದಕದ ಹಾಗೆ ತೋರಿಸುತ್ತಾರೆ. ಆ ಸ್ಕೂಟರಿನ ಮುಂದೆ ನಿಂತಾಗ ನನಗೆ ಗಾಳಿ ಇಷ್ಟವಾಗಿತ್ತು. ನೀವು ಅದನ್ನು ನೆನೆಸಿಕೊಳ್ಳುವುದೂ ನನಗೆ ಇಷ್ಟವೇ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಸೀಟಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ನೀವು ಅದನ್ನು ಓದಿಲ್ಲವೆಂದು ದೂರುವಂತಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತೇನೆ. ಇದಕ್ಕಾದರೂ ಬೇರೆ ಅರ್ಥ ಹಚ್ಚಬೇಡಿ.

ಮೊದಲು ಪ್ಲಾಸ್ಟಿಕ್ ಹೋಗಬೇಕು. ಅದಿರುವವರೆಗೆ ಮುಂದಿನ ಯಾವುದಕ್ಕೂ ಅರ್ಥವಿಲ್ಲ. ಆಮೇಲೆ ಮಗುವಿನ ಸೀಟನ್ನು ಮುಂದಕ್ಕೆ ಮುಖವಾಗಿ ಇಡಿ; ಅದರ ಬೆನ್ನು ಕಾರಿನ ಸೀಟಿನ ಬೆನ್ನಿಗೆ ಪೂರ್ತಿ ತಾಗಬೇಕು. ಕಾರಿನ ಬೆಲ್ಟನ್ನು ಎಳೆದು ಮಗುವಿನ ಬೆನ್ನು ಬರುವ ಜಾಗದ ಹಿಂದಿನ ಕಂಡಿಯಿಂದ ತೂರಿಸಿ ಆ ಕಡೆ ಸಿಕ್ಕಿಸಿ. ಈಗ ನಿಮ್ಮ ಮೊಣಕಾಲನ್ನು ಮಗುವಿನ ಸೀಟಿನೊಳಗೆ ಊರಿ, ಮೈಭಾರವನ್ನೆಲ್ಲ ಬಿಡಿ. ನೀವು ನನಗಿಂತ ಭಾರವಿದ್ದೀರಿ, ಅದಾದರೂ ಉಪಯೋಗಕ್ಕೆ ಬರಲಿ. ಹಾಗೆ ಒತ್ತಿಕೊಂಡೇ ಬೆಲ್ಟನ್ನು ಎಳೆಯಿರಿ, ಇನ್ನು ಬರುವುದಿಲ್ಲ ಎನ್ನುವವರೆಗೆ. ಎಳೆದ ಬೆಲ್ಟು ಮತ್ತೆ ಸಡಿಲಾಗದಂತೆ ಹಿಡಿಯಲು ಒಂದು ಕಬ್ಬಿಣದ ಕ್ಲಿಪ್ಪು ಇದೆ. ಅದು ಚಮಚದ ಡಬ್ಬಿಯಲ್ಲಿ ಸಿಕ್ಕಿತೆಂದು ಅಮ್ಮ ಹೇಳಿದಳು. ಅದು ಚಮಚವಲ್ಲ. ಅದನ್ನು ಬಕಲಿನ ಪಕ್ಕದಲ್ಲೇ ಹಾಕಿ.

ಬೆಲ್ಟು ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ. ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚು ಆಚೀಚೆ ಹೋದರೆ ಬಿಚ್ಚಿ ಮತ್ತೆ ಕಟ್ಟಿ. ಪುಸ್ತಕದಲ್ಲಿ ಇನ್ನೊಂದು ಪಟ್ಟಿಯ ಚಿತ್ರವಿದೆ. ಸೀಟಿನ ತಲೆಯಿಂದ ಹಿಂದಕ್ಕೆ ಹೋಗಿ ಕಾರಿನ ಮೈಗೆ ಸಿಕ್ಕಿಸುವಂಥದ್ದು. ನಿಮ್ಮ ಕಾರಿನಲ್ಲಿ ಅದಕ್ಕೆ ಕೊಕ್ಕೆಯಿಲ್ಲ, ನಮ್ಮದರಲ್ಲೂ ಇಲ್ಲ. ಅದಿಲ್ಲ ಎನ್ನುವುದಕ್ಕೇ ಇರುವ ಬೆಲ್ಟು ಅಷ್ಟು ಬಿಗಿಯಾಗಿರಬೇಕು.

ಜಮಖಾನ ಬೇಡ, ದಿಂಬು ಬೇಡ. ಬ್ರೇಕ್ ಹಾಕಿದಾಗ ದಿಂಬು ಅಮುಕಿಕೊಳ್ಳುತ್ತದೆ. ಅದು ಅಮುಕಿದಷ್ಟು ಪಟ್ಟಿ ಸಡಿಲ. ಪಟ್ಟಿ ಸಡಿಲವಿದ್ದಷ್ಟು ಮಗು ಹಾರುತ್ತದೆ. ಹಂಡೆಯಲ್ಲಿ ನಿಮಗೆ ಉಳಿಯಬೇಕಾದದ್ದು ಸಾಂಬಾರು, ಹಂಡೆಯಲ್ಲ. ಹಂಡೆ ಒಂದಿಷ್ಟು ಸರಿದರೂ ನಡೆಯುತ್ತದೆ. ಇಲ್ಲಿ ಸರಿಯುವುದೇ ಅಪಾಯ. ಪಟ್ಟಿ ಹಾಕಿದ ಮೇಲೆ ಅವಳ ಕತ್ತಿನ ಕೆಳಗಿನ ಎಲುಬಿನ ಹತ್ತಿರ ಅದನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಚಿವುಟಲು ಸಿಕ್ಕಿತೋ, ಅದು ಸಡಿಲ.

ಸೀಟಿನ ಬೆನ್ನ ಹಿಂದೆ ಮಾತ್ರ ಕೈ ಹಾಕಬೇಡಿ. ಅಲ್ಲಿನದ್ದನ್ನೆಲ್ಲ ನಾನು ಸರಿ ಮಾಡಿಯೇ ಕೊಟ್ಟಿದ್ದೇನೆ.

ಸೀಟು ನಿಮ್ಮಲ್ಲೇ ಇರಲಿ. ಕಟ್ಟಲು ಮನಸ್ಸು ಬಂದ ದಿನ ತಿಳಿಸಿ. ಹಲ್ಲು ಗಟ್ಟಿಯಾಗುತ್ತಿದೆ. ತುಟಿಯಲ್ಲಿ ಗೆರೆ ಉಳಿಯುತ್ತದಂತೆ.

ನಮಿತಾ


ವೆಸ್ಟ್ ಮಾಂಬಲಂ
9 ಜುಲೈ 2006

ನಮಿತಾ,

ಕಾಗದ ಬಂತು, ಓದಿದೆ. ಕನ್ನಡ ಚೆನ್ನಾಗಿದೆ. ಕಲಿಸಿದವನು ನಾನು.

ಅಪ್ಪನ ಹತ್ತಿರ "ಅದು ಚಮಚವಲ್ಲ" ಎಂದು ಬರೆಯುವಷ್ಟು ಕಲಿಸಿದೆ ಎಂದು ಗೊತ್ತಿರಲಿಲ್ಲ.

ನಾನು ಬರುವುದಿಲ್ಲ. ನಿನ್ನ ಅಮ್ಮ ಬರುತ್ತಾಳೆ, ಮಾಂಬಲಂ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿ. ಆ ರೈಲಿಗೆ ಬೆಲ್ಟೂ ಇಲ್ಲ, ಮುಚ್ಚುವ ಬಾಗಿಲೂ ಇಲ್ಲ. ಅದರ ಬಗ್ಗೆ ಯಾರಿಗೆ ಕಾಗದ ಬರೆಯುತ್ತಿ, ಬರೆ.

ವಿಷ್ಣುಮೂರ್ತಿ


ವೆಸ್ಟ್ ಮಾಂಬಲಂ
20 ಸೆಪ್ಟೆಂಬರ್ 2006

ಪ್ರೀತಿಯ ನಮಿತಾ,

ವಾರ ವಾರ ನಿನ್ನ ಮನೆಗೆ ಬರುವವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ನೋಡಬೇಡ. ಬಂದಾಗ ಹೇಳಲಿಕ್ಕೆ ಆಗುವುದಿಲ್ಲ. ಅಪ್ಪನ ಹೆಸರು ಎತ್ತಿದ ಕೂಡಲೇ ನೀನು ಅಡುಗೆಮನೆಗೆ ಹೋಗುತ್ತಿ. ಇಲ್ಲಿ ನಿನ್ನ ಹೆಸರು ಎತ್ತಿದರೆ ಅವರು ಹೋಟೆಲಿಗೆ ಹೋಗುತ್ತಾರೆ.

ಅವರು ಮೊನ್ನೆ ಭಾನುವಾರ ಬೆಳಗಾದ ಕೂಡಲೇ ಕಾರು ತೆಗೆದುಕೊಂಡು ಎಲ್ಲಿಗೋ ಹೋದರು. ಬಂದಾಗ ಕಾರಿನ ತುಂಬ ಅಕ್ಕಿ. ಹಿಂದಿನ ಸೀಟಿನ ಸಂದಿಯಲ್ಲಿ, ಕಾಲಿಡುವಲ್ಲಿ, ಮುಂದಿನ ಗಾಜಿನ ಹತ್ತಿರವೂ ಅಕ್ಕಿ. "ಎಲ್ಲಿಗೆ ಹೋದದ್ದು?" ಕೇಳಿದೆ. "ಅಕ್ಕಿ ತರ್ಲಿಕ್ಕೆ" ಅಂದರು. "ಮನೆಯಲ್ಲಿದ್ದ ಅಕ್ಕಿ ತಗೊಂಡು ಹೋಗಿ ಅಕ್ಕಿ ತರುದಾ?" ಅಂದೆ. "ನಿನಗೆಂತ ಗೊತ್ತುಂಟು, ಸುಮ್ಮನಿರು" ಎಂದು ಪೊರಕೆ ತೆಗೆದುಕೊಂಡು ತಾವೇ ಗುಡಿಸಿದರು. ನನ್ನ ಮದುವೆಯಾದಾಗಿನಿಂದ ಅವರ ಕೈಯಲ್ಲಿ ಪೊರಕೆ ನೋಡಿದ್ದು ಅದೇ ಮೊದಲು.

ನನಗೂ ಸಿಟ್ಟಿದೆ. ಅದನ್ನು ಯಾರೂ ಕೇಳಲಿಲ್ಲ. ಅವರು ನನ್ನನ್ನು ಸುಳ್ಳಿಗೆ ನಿಲ್ಲಿಸಿದರು, ಸರಿ. ನೀನು ಮರುದಿನ ಬಂದು ಕೀಲಿ ಕೇಳಿದೆ. ಅಮ್ಮ ಏನಾಯಿತು ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ನಾನು ಹಿಂದೆ ಅವಳ ಪಕ್ಕದಲ್ಲೇ ಕೂತಿದ್ದೆ. ಹಿಡಿಯಲು ಕೈ ಚಾಚಿದೆ. ಬರೀ ಫ್ರಾಕು ಸಿಕ್ಕಿತು. ಅದು ಹರಿದ ಸದ್ದು ಈಗಲೂ ಕಿವಿಯಲ್ಲಿದೆ. ನಿನಗೆ ಗಂಟು ಕಂಡಿತು, ಫ್ರಾಕು ಕಾಣಲಿಲ್ಲ.

ನೀವಿಬ್ಬರೂ ಒಂದೇ ಹಿಟ್ಟಿನವರು. ತೇಜುವಿಗೆ ಚಕ್ಕುಲಿ ಕಳಿಸಿದ್ದೇನೆ. ಮುಂದಿನ ಹಲ್ಲಿನಿಂದ ಕಡಿಯಲಿಕ್ಕೆ ಬಿಡಬೇಡ.

ಅಮ್ಮ


ವೆಸ್ಟ್ ಮಾಂಬಲಂ
6 ನವೆಂಬರ್ 2006

ನಮಿತಾ,

ನಿನ್ನ ಅಮ್ಮ ಅಕ್ಕಿಯ ವಿಷಯ ಬರೆದಿದ್ದಾಳೆಂದು ಗೊತ್ತಾಯಿತು. ಈ ಮನೆಯಲ್ಲಿ ಎಲ್ಲರೂ ಕಾಗದ ಬರೆಯುವವರೇ. ಅವಳು ಅರ್ಧ ಬರೆದದ್ದನ್ನು ನಾನು ಪೂರ್ತಿ ಬರೆಯುತ್ತೇನೆ, ನಿನಗೆ ನಗಲಿಕ್ಕೆ ಬೇಕಲ್ಲ.

ನಿನ್ನ ಮನೆಯ ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಗಳಲ್ಲಿ ಭಾನುವಾರ ಬೆಳಗ್ಗೆ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ತೇಜುವಿನ ತೂಕದ ಅಕ್ಕಿಯನ್ನು ಗೋಣಿಯಲ್ಲಿ ತುಂಬಿ, ಬಾಯಿ ಹೊಲಿಸಿ, ಸೀಟಿನಲ್ಲಿ ಕೂರಿಸಿದೆ. ನನ್ನ ಹಾಗೆಯೇ ಕಟ್ಟಿದೆ. ಜಮಖಾನ, ದಿಂಬು, ಹಗ್ಗ, ಎಲ್ಲ. ನಿನ್ನ ಪಾಠ ಸುಳ್ಳೆಂದು ತೋರಿಸಿ ನಿನಗೆ ಬರೆಯಬೇಕೆಂದೇ ಹೋದದ್ದು, ಮುಚ್ಚಿಡುವುದಿಲ್ಲ. ನಲವತ್ತರ ಸ್ಪೀಡಿನಲ್ಲಿ ಹೋಗಿ ಬ್ರೇಕ್ ಒತ್ತಿದೆ.

ಚೀಲ ನನ್ನ ಕಿವಿಯ ಪಕ್ಕದಿಂದ ಹೋಯಿತು. ಮುಂದಿನ ಡ್ಯಾಷ್‌ಬೋರ್ಡಿಗೆ ಬಡಿದು ಒಡೆಯಿತು.

ಇಳಿದು ಹಿಂದಿನ ಬಾಗಿಲು ತೆಗೆದು ನೋಡಿದೆ. ಗಂಟು ಬಿಚ್ಚಿಕೊಂಡಿರಲಿಲ್ಲ. ಗಂಟು ಇದ್ದಲ್ಲೇ ಇತ್ತು. ಒಳಗೆ ಇದ್ದದ್ದು ಮಾತ್ರ ಇರಲಿಲ್ಲ.

ಯಾವುದೋ ಫ್ಯಾಕ್ಟರಿಯ ವಾಚ್‌ಮನ್ ಬಂದು, "ಎನ್ನ ಸಾರ್, ಅರಿಸಿ ವ್ಯಾಪಾರಮಾ?" ಎಂದ. ಅಕ್ಕಿ ವ್ಯಾಪಾರವಾ ಎಂದು. ಹೌದು ಮಾರಾಯ ಎಂದೆ. ಅವನ ಸ್ಟೂಲಿನ ಮೇಲೆ ಕೂತೆ.

ಮುಂದಿನ ವಾರ ಪ್ಲಾಸ್ಟಿಕ್ ಹರಿದು ಹಾಕಿದೆ. ನಿನಗಾಗಿ ಅಲ್ಲ. ನಿನ್ನ ಕಾಗದವನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಅದರಲ್ಲಿ ಇದ್ದ ಹಾಗೆ ಕಟ್ಟಿದೆ. ಮೊಣಕಾಲು ನೋವು ಬಂತು, ಬಿಡಲಿಲ್ಲ. ಕ್ಲಿಪ್ಪು ಹಾಕಿದೆ. ಹೊಸ ಚೀಲ ಕೂರಿಸಿ ಅಷ್ಟೇ ಜೋರಾಗಿ ಬ್ರೇಕ್ ಒತ್ತಿದೆ. ಅಲ್ಲೇ ಇತ್ತು. ಮತ್ತೊಂದು ವಾರ ಹೋದೆ. ಅಲ್ಲೇ ಇತ್ತು. ಈಗ ಅದು ಅಭ್ಯಾಸವಾಗಿದೆ. ವಾಚ್‌ಮನ್ ಚಾ ತರಿಸುತ್ತಾನೆ.

ಅಲ್ಲಿಂದ ನಿಮ್ಮ ಬಿಲ್ಡಿಂಗಿನ ನೀರಿನ ಟ್ಯಾಂಕು ಕಾಣುತ್ತದೆ. ನೋಡಿಕೊಂಡು ಬರುತ್ತೇನೆ.

ಸೀಟು ಕಟ್ಟಲು ಬರುತ್ತದೆ ಎಂದು ತಿಳಿಸಿದ್ದೇನೆ. ಕ್ಷಮೆ ಗಿಮೆ ಎಂದು ಕಾಯಬೇಡ.

ವಿಷ್ಣುಮೂರ್ತಿ


ಗಿಂಡಿ
28 ಡಿಸೆಂಬರ್ 2006

ಅಪ್ಪನಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರವನ್ನು ಹಲವು ಸಲ ಬರೆದು ಹರಿದೆ.

ಅಕ್ಕಿ ಹಾರಿದ್ದನ್ನು ಓದಿ ನನಗೆ ಸಮಾಧಾನವಾಗಬೇಕಿತ್ತು. ವರುಣ್ ಓದಿ ನಕ್ಕ, ಆಮೇಲೆ ನಗು ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತ. ನಾನು ನಗಲಿಲ್ಲ. ನಾನು ಎರಡು ಸಲ ಬರೆದೆ, ಮಗುವಿನ ತುಟಿಗೆ ಹೊಲಿಗೆ ಬಿತ್ತು; ನೀವು ನಂಬಲಿಲ್ಲ. ಅಕ್ಕಿ ಹೇಳಿದ ಮೇಲೆ ನಂಬಿದಿರಿ. ಒಂದು ಗೋಣಿಚೀಲಕ್ಕಿರುವ ಬೆಲೆ ನಿಮ್ಮ ಹತ್ತಿರ ನನ್ನ ಮಾತಿಗೆ ಇಲ್ಲ ಎನ್ನುವುದು ನನಗೆ ಹೊಸದಲ್ಲ. ಬರಹದಲ್ಲಿ ಸಿಕ್ಕಿದ್ದು ಇದೇ ಮೊದಲು.

ಇನ್ನೂ ಒಂದು. ಟ್ಯಾಂಕು ನೋಡುವಷ್ಟು ಹತ್ತಿರ ಬಂದವರು ಮೆಟ್ಟಿಲು ಹತ್ತಲಿಲ್ಲ. ಆ ಭಾನುವಾರಗಳಲ್ಲಿ ಇವಳು ಬಾಲ್ಕನಿಯಲ್ಲಿ ಇರುತ್ತಿದ್ದಳು. ಮೊದಮೊದಲು "ಅಜ್ಜ ಯಾವಾಗ" ಎಂದು ಕೇಳುತ್ತಿದ್ದಳು. ದೀಪಾವಳಿಯ ನಂತರ ಕೇಳಿಲ್ಲ.

ಜನವರಿ 21, ಭಾನುವಾರ, ಬನ್ನಿ. ಸೀಟು ಕಟ್ಟಿಕೊಂಡು ಬನ್ನಿ. ನಾನು ಕೆಳಗೆ ಇಳಿದು ಬಂದು ಪರೀಕ್ಷೆ ಮಾಡುತ್ತೇನೆ. ಸರಿಯಿದ್ದರೆ ಕಳಿಸುತ್ತೇನೆ. ಇಲ್ಲದಿದ್ದರೆ ಇಲ್ಲ.

ನಮಿತಾ


ವೆಸ್ಟ್ ಮಾಂಬಲಂ
22 ಜನವರಿ 2007

ನಮಿತಾ,

ನಿನ್ನೆ ನಿನ್ನ ಬಿಲ್ಡಿಂಗಿನ ಕೆಳಗೆ, ಇಸ್ತ್ರಿಯವನ ಎದುರು, ಆರನೆಯ ಕ್ಲಾಸಿನ ಹುಡುಗನ ಹಾಗೆ ಕೈ ಕಟ್ಟಿಕೊಂಡು ನಿಂತೆ. ಅರವತ್ತನಾಲ್ಕು ವರ್ಷ ನನಗೆ.

ನೀನು ಬಂದೆ. ನನ್ನ ಮುಖ ನೋಡಲಿಲ್ಲ, ಸೀಟು ನೋಡಿದೆ. ಹಿಡಿದು ಅಲುಗಾಡಿಸಿದೆ. ಅಲುಗಾಡಲಿಲ್ಲ. ಇನ್ನೊಂದು ಕಡೆಯಿಂದ ಬಂದು ಅಲುಗಾಡಿಸಿದೆ. ಅಲುಗಾಡಲಿಲ್ಲ. ಕ್ಲಿಪ್ಪು ಮುಟ್ಟಿ ನೋಡಿದೆ. ಎಷ್ಟು ಭಾನುವಾರ ಕಟ್ಟಿ ಬಿಚ್ಚಿ ಕಲಿತೆ ಎಂದರೆ ನೀನು ನಂಬುವುದಿಲ್ಲ, ಅಕ್ಕಿಯನ್ನು ಕೇಳು.

ವರುಣ್ ಮಗುವನ್ನು ತಂದ. ಎಷ್ಟು ಉದ್ದ ಆಗಿದ್ದಾಳೆ. ಮುಖ ನಿನ್ನ ಅಜ್ಜಿಯದ್ದು ಬಂದಿದೆ. "ಬಾ ತೇಜು, ಹೋಟೆಲಿಗೆ ಹೋಗುವ" ಎಂದೆ. ಮೊದಲಾದರೆ "ಎಂತಕ್ಕೆ?" ಎಂದು ಕೇಳಿ ನಗುತ್ತಿದ್ದಳು. ನಿನ್ನೆ ವರುಣನ ಹೆಗಲು ಬಿಡದೆ "ಎದುಕ್ಕು?" ಎಂದಳು. ಮಾತು ಅದೇ. ನಗು ಇರಲಿಲ್ಲ. ಸೀಟಿನಲ್ಲಿ ಕೂರಿಸಿದ ಕೂಡಲೇ ಮೈ ಬಿಲ್ಲಿನ ಹಾಗೆ ಮಾಡಿ "ವೇಣಾಂ ಮಾ, ವೇಣಾಂ" ಎಂದು ಕಿರುಚಿದಳು. ಬೇಡವಂತೆ. ನಾನು ಬೇಡವೋ ಸೀಟು ಬೇಡವೋ, ಅದನ್ನು ಹೇಳಲಿಲ್ಲ. ನಾನು ಸಡಿಲ ಮಾಡಲಿಲ್ಲ. ಪಟ್ಟಿ ಎಳೆದೆ, ಚಿವುಟಿ ನೋಡಿದೆ, ಸಿಗಲಿಲ್ಲ. ಅವಳು ಅಳುತ್ತಿದ್ದಳು, ನಾನು ನಿನ್ನ ಕಾಗದವನ್ನು ನೆನೆಯುತ್ತಿದ್ದೆ.

ಆಗ ನೀನು ಅವಳ ಹೆಗಲ ಹಿಂದೆ ಬೆರಳು ತೂರಿಸಿ "ಇದು ತಪ್ಪು" ಎಂದೆ. ಪಟ್ಟಿ ಭುಜಕ್ಕಿಂತ ಕೆಳಗಿನ ತೂತಿನಿಂದ ಬರುತ್ತಿದೆ, ಮೇಲಿನದಕ್ಕೆ ಹಾಕಬೇಕಿತ್ತು ಎಂದೆ. "ಇಷ್ಟೂ ನೋಡ್ಲಿಕ್ಕೆ ಆಗಲಿಲ್ವಾ ಅಪ್ಪ?"

ಬೆನ್ನ ಹಿಂದೆ ಕೈ ಹಾಕಬೇಡಿ ಎಂದು ಬರೆದವಳು ನೀನು. ನಿನ್ನ ಕಾಗದದಲ್ಲಿ ನಾನು ಒಂದು ಅಕ್ಷರ ಜಗಳವಿಲ್ಲದೆ ಒಪ್ಪಿದ್ದು ಅದೊಂದೇ. ಮೇ ತಿಂಗಳಲ್ಲಿ ನೀನು ಯಾವ ತೂತಿಗೆ ಹಾಕಿದ್ದೆಯೋ ಅದರಲ್ಲೇ ಇತ್ತು. ಆ ಮಗುವಿಗೆ ಅದು ಸರಿಯಾಗಿತ್ತು. ನಾನು ಕಟ್ಟಿದ್ದು ಆ ಮಗುವಿಗೆ. ಇಷ್ಟು ತಿಂಗಳಲ್ಲಿ ಅವಳು ಎಷ್ಟು ಬೆಳೆದಳು ಎಂದು ನನಗೆ ಅಕ್ಕಿಚೀಲ ಹೇಳಬೇಕಿತ್ತೇ? ಚೀಲ ಬೆಳೆಯುವುದಿಲ್ಲ.

ಅದನ್ನೇ ಅಲ್ಲಿ ಕೂಗಿದೆ. ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದುಕೊಂಡು ನೋಡುತ್ತಿದ್ದ. ಕೂಗಿದ್ದಕ್ಕೆ ಮಗು ಇನ್ನೂ ಅತ್ತಿತು. ನಾನೇ ಬಕಲ್ ಒತ್ತಿ ಬಿಡಿಸಿ ವರುಣನ ಕೈಗೆ ಕೊಟ್ಟೆ. ಖಾಲಿ ಸೀಟು ಕಟ್ಟಿಕೊಂಡು ಮಾಂಬಲಕ್ಕೆ ಬಂದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅದೇ ಕಾಣುತ್ತಿತ್ತು, ಎಷ್ಟು ಚೆನ್ನಾಗಿ ಕೂತಿತ್ತು ಎಂದರೆ, ಒಂದು ಕೂದಲೆಳೆಯಷ್ಟು ಸರಿಯಲಿಲ್ಲ.

ಸೀಟನ್ನು ಹೋಟೆಲಿನ ಹರಿಹರನ ಕೈಯಲ್ಲಿ ಕಳಿಸುತ್ತೇನೆ. ಸಪ್ಲೈಯರ್ ಆದರೂ ನನಗಿಂತ ಎಚ್ಚರದಿಂದ ತರುತ್ತಾನೆ. ಇನ್ನು ಮೇಲೆ ಬರುವುದಿಲ್ಲ, ಬರೆಯುವುದೂ ಇಲ್ಲ.

ವಿಷ್ಣುಮೂರ್ತಿ


ಗಿಂಡಿ
26 ಜನವರಿ 2007

ಅಪ್ಪನಿಗೆ,

ಸೀಟು ಕಳಿಸಬೇಡಿ.

ಇಂದು ರಜೆ. ತೇಜುವನ್ನು ಗೋಡೆಗೆ ಬೆನ್ನು ತಾಗಿಸಿ ನೆಲದ ಮೇಲೆ ಕೂರಿಸಿದೆ. ನೆಲದಿಂದ ಅವಳ ಭುಜದವರೆಗೆ ಒಂದು ನೂಲು ಹಿಡಿದು ಕತ್ತರಿಸಿದೆ. ಅದನ್ನು ಈ ಕಾಗದದೊಳಗೆ ಮಡಿಸಿ ಇಟ್ಟಿದ್ದೇನೆ. ಬಿಳಿ ನೂಲು, ತೆರೆಯುವಾಗ ಬಿದ್ದುಹೋಗದ ಹಾಗೆ ನೋಡಿ. ಇಷ್ಟಿದ್ದಾಳೆ ಅವಳು ಈಗ.

ನೂಲಿನ ಒಂದು ತುದಿಯನ್ನು ಮಗು ಕೂರುವ ಜಾಗದಲ್ಲಿಟ್ಟು ಸೀಟಿನ ಬೆನ್ನಿಗೆ ನೇರವಾಗಿ ಹಿಡಿಯಿರಿ. ಮೇಲಿನ ತುದಿ ಎರಡು ತೂತುಗಳ ನಡುವೆ ನಿಲ್ಲುತ್ತದೆ. ಮೇಲಿನ ತೂತು ಬೇಕು. ಸೀಟನ್ನು ಬಿಚ್ಚಿ ಹೊರಗಿಟ್ಟು, ಅದರ ಬೆನ್ನ ಹಿಂದೆ ಕೈ ಹಾಕಿ. ಎರಡು ಪಟ್ಟಿಗಳೂ ಒಂದು ಕಬ್ಬಿಣದ ತುಂಡಿಗೆ ಸಿಕ್ಕಿಕೊಂಡಿರುತ್ತವೆ. ಅವುಗಳನ್ನು ಕಳಚಿ, ಮುಂದಕ್ಕೆ ಎಳೆದು, ಮೇಲಿನ ತೂತಿನಿಂದ ಹಿಂದಕ್ಕೆ ತೂರಿಸಿ ಮತ್ತೆ ಅದೇ ತುಂಡಿಗೆ ಸಿಕ್ಕಿಸಿ. ಎರಡೂ ಸಮವಾಗಿರಬೇಕು, ಎಲ್ಲೂ ತಿರುಚಿಕೊಂಡಿರಬಾರದು. ಆಮೇಲೆ ಸೀಟನ್ನು ನಿಮ್ಮ ಹಾಗೆಯೇ ಕಟ್ಟಿ. ಅಕ್ಕಿಯ ಅಭ್ಯಾಸ ಮಾಡಿದ ಹಾಗೆ.

ಮಗು ಬೆಳೆಯುತ್ತದೆ, ಪಟ್ಟಿಯನ್ನು ಏರಿಸುತ್ತಿರಬೇಕು ಎನ್ನುವುದು ಪುಸ್ತಕದ ಕೊನೆಯ ಪುಟದಲ್ಲಿದೆ. ನಾನು ಅದನ್ನು ಬರೆಯಲಿಲ್ಲ. ಜೂನಿನಲ್ಲಿ ಬರೆಯುವಾಗ ಇದು ಒಂದೆರಡು ವಾರದ ಜಗಳ ಎಂದುಕೊಂಡಿದ್ದೆ.

ನನ್ನ ಸಿಟ್ಟು ಹೋಗಿಲ್ಲ. ಒದ್ದೆ ನೆಲವೆಂದು ಹೇಳಿದ್ದು ಹಾಗೆಯೇ ಇದೆ, ಅದನ್ನು ನೀವು ಇನ್ನೂ ಒರೆಸಿಲ್ಲ. ಒರೆಸುತ್ತೀರೆಂದೂ ನಾನು ಎಣಿಸಿಲ್ಲ. ನಿಮ್ಮ ಸಿಟ್ಟೂ ಇರಲಿ. ಸೀಟಿಗೆ ಅದರಿಂದ ತೊಂದರೆಯಿಲ್ಲ.

ಫೆಬ್ರವರಿ 4, ಭಾನುವಾರ, ಎಂಟು ಗಂಟೆಗೆ ಬನ್ನಿ. ವರುಣ್ ಅವಳನ್ನು ಕೆಳಗೆ ಕರೆತರುತ್ತಾನೆ. ಅಳುತ್ತಾಳೆ. ತಮಿಳಿನಲ್ಲಿ ಅಳುತ್ತಾಳೆ. ಬ್ರಿಡ್ಜಿನವರೆಗೂ ಅಳಬಹುದು. ಸಡಿಲ ಮಾಡಬೇಡಿ. ನೀವೇ ಕೂರಿಸಿ, ನೀವೇ ಪಟ್ಟಿ ಹಾಕಿ ಎಳೆಯಿರಿ.

ನಾನು ಇಳಿದು ಬಂದು ನೋಡುವುದಿಲ್ಲ.

ನಮಿತಾ